ಮೆಟ್ಟಿಲ ಬುಡದ ಸಾವಧಾನ್

ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಅಪ್ಪಣೆ ಕೊಡುವ ಹಕ್ಕು ಮಕ್ಕಳದು. ಅದು ಯಾರೂ ದಾನವಾಗಿ ಕೊಟ್ಟದ್ದಲ್ಲ. ವಿಜಯನಗರದ ನಮ್ಮ ಬೀದಿಯಾಚೆ ಇನ್ನೂ ರಾಗಿ ಹೊಲಗಳಿದ್ದ ೧೯೭೯ರಲ್ಲಿ ಮಕ್ಕಳು ಕಲಾವತಿ ಎಂಬ ಹುಡುಗಿಯನ್ನು ತಮ್ಮ ನಾಯಕಿಯಾಗಿ ಆರಿಸಿದರು. ಅವಳ ತಾಯಿ ಮಾಗಡಿ ರಸ್ತೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ವ್ಯಾಯಾಮದ ಮೇಷ್ಟ್ರು ನಕ್ಕರು. "ಹುಡುಗಿ ಗಂಟಲು ಕೊನೇ ಸಾಲಿಗೆ ಮುಟ್ಟಲ್ಲ ಅನಂತಲಕ್ಷ್ಮಿ ಮಿಸ್. ನನ್ನ ಸೀಟಿ ಸಾಕು."

ನಾನು ಆಗ ಇಪ್ಪತ್ತೇಳರ ಕನ್ನಡ ಅಧ್ಯಾಪಕಿ. ಸೀಟಿಗೆ ನನ್ನ ತರಗತಿ ಕದಲುವುದಿಲ್ಲ ಎಂದೆ. ನೋಟಿಸು ಬಂತು, ಪ್ರೌಢಶಾಲೆಯಿಂದ ನನ್ನನ್ನು ಒಂದನೆಯ ತರಗತಿಗೆ ಇಳಿಸಿದರು. ಆ ಪುಟಾಣಿಗಳೂ ಸೀಟಿಗೆ ಕದಲಲಿಲ್ಲ. ಕೊನೆಗೊಂದು ಬೆಳಿಗ್ಗೆ ಸಂಸ್ಥಾಪಕರೇ ಅಂಗಳಕ್ಕೆ ಬಂದು ಕಡೆಯ ಸಾಲಿನ ಹಿಂದೆ ನಿಂತು, "ಕೂಗಮ್ಮ, ನೋಡೋಣ" ಎಂದರು. "ಶಾಲಾ, ಸಾವಧಾನ್!" ಎಂದಳು ಕಲಾವತಿ. ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವರು ಸೈಕಲ್ಲು ನಿಲ್ಲಿಸಿ ಕಾಲೂರಿದರು. ಸಂಸ್ಥಾಪಕರು ಹಿಮ್ಮಡಿ ಜೋಡಿಸಿದರು. ಅಂದಿನಿಂದ ನಾಯಕರು ಕೂಗದೆ ಪ್ರಾರ್ಥನೆ ಆರಂಭವಾಗುವುದಿಲ್ಲ. ಅವರು 'ವಿಶ್ರಾಮ್' ಎನ್ನದೆ ಯಾರೂ ಸಾಲು ಬಿಡುವುದಿಲ್ಲ.

ಈಗ ಆ ಅಂಗಳದ ಬಹುಭಾಗದಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದಿದೆ. ಪ್ರಾರ್ಥನೆ ನಡೆಯುವುದು ಎರಡನೆಯ ಮಹಡಿಯ ಸಭಾಂಗಣದಲ್ಲಿ. ಹತ್ತನೆಯ ತರಗತಿಯೂ ಅದರ ಪಕ್ಕದಲ್ಲೇ. ಲಿಫ್ಟಿಲ್ಲ. ನಾನು ನಿವೃತ್ತಳಾಗಿ ಆಡಳಿತ ಸಮಿತಿಯ ಹಿರಿಯ ಸದಸ್ಯೆಯಾಗಿದ್ದೇನೆ. ಸಮಿತಿಯ ಕಾರ್ಯದರ್ಶಿ ವೆಂಕಟಗಿರಿ, ಸಂಸ್ಥಾಪಕರ ಮಗ, ನನ್ನದೇ ಶಿಷ್ಯ.

ಈ ವರ್ಷ ಗಾಲಿಕುರ್ಚಿಯ ಸುಘೋಷ್ ಹತ್ತನೆಯ ತರಗತಿಗೆ ಬಂದ. ಒಂಬತ್ತರವರೆಗೆ ಅವನ ತರಗತಿ ನೆಲಮಹಡಿಯಲ್ಲಿತ್ತು. ಈಗ ಸಮಿತಿ ಇಬ್ಬರು ಜವಾನರನ್ನು ಗೊತ್ತುಮಾಡಿ, ದಿನವೂ ಅವನನ್ನು ಹೊತ್ತು ಮೇಲೇರಿಸುವ ಏರ್ಪಾಡು ಮಾಡಿತು. ಮಾಡಿ, ತನ್ನನ್ನು ತಾನೇ ಹೊಗಳಿಕೊಂಡಿತು.

"ಗ್ಯಾಸ್ ಸಿಲಿಂಡರ್ ಥರ ಎತ್ಕೊಂಡು ಹೋಗ್ತಾರೆ ಮಿಸ್," ಎಂದು ಸುಘೋಷ್ ನನ್ನೆದುರು ನಗಾಡಿದ. "ಹತ್ತುವಾಗ ಫುಲ್ಲು, ಇಳಿಯುವಾಗ ಖಾಲಿ."

ಆ ನಗೆಯ ಹಿಂದಿನದನ್ನು ಕಂಡವಳು ಶಾಲಾ ನಾಯಕಿ ದಾನಮ್ಮ. ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಸುಂಕದಕಟ್ಟೆಯಲ್ಲಿ ನೆಲೆಸಿದ ಮನೆಯವಳು, ಅವನದೇ ತರಗತಿಯವಳು. ಅವನ ನೀರಿನ ಬಾಟಲಿ ಪ್ರತಿ ಸಂಜೆ ತುಂಬಿದಂತೆಯೇ ಮನೆಗೆ ಮರಳುವುದನ್ನು ಅವಳು ಗಮನಿಸಿದಳು. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು; ಹೋಗಬೇಕೆಂದರೆ ಇಬ್ಬರ ಕೈಯಲ್ಲಿ ಕೆಳಗಿಳಿಯಬೇಕು. ಹುಡುಗ ಬಾಯಾರಿಕೆಯನ್ನೇ ಆರಿಸಿಕೊಂಡಿದ್ದ.

ದಾನಮ್ಮ ಸಮಿತಿಯ ಮುಂದೆ ಬಂದು ಕೇಳಿದ್ದು ಒಂದೇ: ನೆಲಮಹಡಿಯ ಸಂಸ್ಥಾಪಕರ ಕೋಣೆಯನ್ನು ಹತ್ತನೆಯ ತರಗತಿಗೆ ಬಿಟ್ಟುಕೊಡಿ. ಆ ಕೋಣೆಯಲ್ಲಿರುವುದು ಹಾರ ಹಾಕಿದ ಭಾವಚಿತ್ರ ಮತ್ತು ಒಂದು ಕುರ್ಚಿ. ಗುರುವಾರ ದೀಪ ಹಚ್ಚುವುದಕ್ಕಲ್ಲದೆ ಅದರ ಬೀಗ ತೆಗೆಯುವುದಿಲ್ಲ. ಸಮಿತಿ ಅದನ್ನು ಅಪಚಾರವೆಂದಿತು. ಪರವಾಗಿ ಎದ್ದ ಕೈ ನನ್ನದೊಂದೇ.

ಮರುದಿನ ಸಂಜೆ ವೆಂಕಟಗಿರಿ ಫೋನು ಮಾಡಿದ.

"ಮಿಸ್, ಆ ಹುಡುಗಿ ನಾಳೆ ಮೇಲೆ ಹತ್ತೋದೇ ಇಲ್ವಂತೆ. ಮೆಟ್ಟಿಲ ಕೆಳಗೇ ನಿಂತು ಸಾವಧಾನ್ ಹೇಳ್ತಾಳಂತೆ. ನೀವೊಂದ್ಮಾತು ಹೇಳಿ, ಕೇಳ್ತಾಳೆ."

"ಕೇಳದಿದ್ರೆ?"

"ಬ್ಯಾಡ್ಜ್ ಕಿತ್ಕೋತೀವಿ. ಆ ಹುಡುಗನಿಗೂ ಟಿ.ಸಿ. ಕೊಟ್ಟು ಕಳಿಸ್ಬೇಕಾಗತ್ತೆ. ಅಂಥವರಿಗೆ ಅಂತಾನೇ ಬೇರೆ ಸ್ಕೂಲ್ ಇದಾವಲ್ಲ ಮಿಸ್."

"ಅಂಥವರು ಅಂದ್ರೆ ಎಂಥವರೋ?" ಎಂದೆ. ನಾನು ಫೋನಿಟ್ಟು, ಸಮಿತಿಯ ಮುಖಕ್ಕೆ ಹಿಡಿಯಬೇಕಾದ ಭಾಷಣವೊಂದನ್ನು ಮನಸ್ಸಿನಲ್ಲೇ ಕಟ್ಟಿದೆ. ಒಳ್ಳೆಯ ಭಾಷಣ. ಅದರ ಒಂದೊಂದು ವಾಕ್ಯವೂ ನೆಟ್ಟಗೆ ನಿಲ್ಲುವಂತಿತ್ತು.

ಬೆಳಿಗ್ಗೆ ಶಾಲೆಯ ಗೇಟಿನೊಳಗೆ ಕಾಲಿಟ್ಟಾಗ ದಾನಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು, ಪಕ್ಕದಲ್ಲಿ ಸುಘೋಷ್. ಉಳಿದಿರುವ ಅಂಗೈಯಗಲ ಅಂಗಳದಲ್ಲಿ, ಸ್ಕೂಟರುಗಳ ಸಂದಿಯಲ್ಲಿ, ಮಕ್ಕಳು ಸಾಲುಗಟ್ಟಿದ್ದರು. ನಾನು ನೇರ ಮುಂದಕ್ಕೆ ನಡೆದೆ.

"ಮಿಸ್, ಭಾಷಣ ಮಾಡಾಕ ಬಂದೀರೇನ್ರಿ?" ಎಂದಳು ದಾನಮ್ಮ.

"ಎರಡೇ ಮಾತು ಕಣೇ."

"ಬ್ಯಾಡ್ರಿ. ನೀವು ಮಾತಾಡಿದ್ರ, ಮಿಸ್ ಹೇಳಿದ್ದಕ್ಕ ಕೊಟ್ವಿ ಅಂತಾರ. ನಾವು ಕೇಳಿದ್ದಕ್ಕ ಕೊಟ್ವಿ ಅನ್ನೂದಿಲ್ರಿ. ಸಾಲಿನ್ಯಾಗ ನಿಂದರ್ರಿ."

ಹದಿನೈದರ ಹುಡುಗಿ ನನ್ನನ್ನು ತಡೆದಳು. ಸಿಟ್ಟು ಬಂತು; ಅದಕ್ಕಿಂತ ಬೇಗ ಹೆಮ್ಮೆ ಬಂತು. ನಾನು ಹೋಗಿ ಕಡೆಯ ಸಾಲಿನ ಹಿಂದೆ ನಿಂತೆ. ಗಣಿತದ ಶುಭಾ ಬಂದು ನನ್ನ ಪಕ್ಕ ನಿಂತಳು. ಅವಳ ಹಿಂದೆ ಇನ್ನಷ್ಟು ಅಧ್ಯಾಪಕರು.

ಆಗ ವೆಂಕಟಗಿರಿ ಮೇಲಿನ ಸಭಾಂಗಣದ ಮೈಕಿನಲ್ಲಿ ಸೀಟಿ ಊದಿಸಿದ. ಅದು ಖಾಲಿ ಸಭಾಂಗಣವನ್ನೆಲ್ಲ ಸುತ್ತಿ ಕಿಟಕಿಯಿಂದ ಹೊರಬಿತ್ತು. ಒಂದನೆಯ ತರಗತಿಯ ಮಗುವೊಂದು ಕಿಸಕ್ಕನೆ ನಕ್ಕಿತು. ಯಾರ ಕಾಲೂ ಅಲುಗಲಿಲ್ಲ.

"ಶಾಲಾ, ಸಾವಧಾನ್!"

ಹಿಮ್ಮಡಿಗಳೆಲ್ಲ ಒಂದೇ ಸದ್ದಿಗೆ ಜೋಡಿಯಾದವು. ನನ್ನ ಎಪ್ಪತ್ತು ದಾಟಿದ ಮಂಡಿಗಳೂ ಹಿಂದುಳಿಯಲಿಲ್ಲ. ಸುಘೋಷ್ ಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿದ. ಪ್ರಾರ್ಥನೆಯಾಯಿತು. ಸುದ್ದಿ ಓದುವ ಸರದಿ ಅಂದು ಅವನದು.

"ಇಂದಿನ ಮುಖ್ಯಾಂಶ. ನಮ್ಮ ಶಾಲೆಯ ನೆಲಮಹಡಿಯಲ್ಲಿ ಒಂದು ಕೋಣೆ ಖಾಲಿ ಇದೆ. ಹವಾಮಾನ: ಒಳಗೆ ದಟ್ಟವಾದ ಧೂಳು ಕವಿದಿರುವ ಸಂಭವ."

ನಗೆಯ ನಡುವೆ ವೆಂಕಟಗಿರಿ ಧಡಧಡನೆ ಇಳಿದು ಬಂದ.

"ಮಿಸ್, ನೀವೂ ಇವರ ಜೊತೆ ಸೇರ್ಕೊಂಡ್ರಾ? ಏನಾದ್ರೂ ಹೇಳಿ ಮಿಸ್."

"ಸಾಲಿನಲ್ಲಿ ಮಾತಾಡೋ ಹಾಗಿಲ್ಲ ಕಣೋ. ನಾಯಕಿ ಇದಾಳೆ, ಅವಳನ್ನ ಕೇಳು."

ಅವನು ದಾನಮ್ಮನ ಕಡೆ ತಿರುಗಿದ. "ಅದು ನಮ್ಮಪ್ಪ ಕೂತಿದ್ದ ಜಾಗ ಕಣಮ್ಮ."

"ಹೌದ್ರಿ ಸಾರ್. ನಿಂತಿದ್ದ ಜಾಗ ಅಲ್ಲೈತ್ರಿ, ಕಡೇ ಸಾಲಿನ ಹಿಂದ. ಮಿಸ್ ಹೇಳ್ಯಾರ." ಅವಳ ಬೆರಳು ನನ್ನತ್ತ ಚಾಚಿತ್ತು. "ಫೋಟೋ ತಗೀಬ್ಯಾಡ್ರಿ. ಹತ್ತನೇ ಕ್ಲಾಸಿನವ್ರು ಹೆಂಗ ಓದ್ತಾರ ಅಂತ ದೊಡ್ಡ ಸಾಹೇಬ್ರೂ ನೋಡ್ಲಿ."

ಮೊದಲ ಪೀರಿಯಡ್ಡಿನ ಗಂಟೆ ಹೊಡೆಯಿತು. ಯಾರೂ ಸಾಲು ಬಿಡಲಿಲ್ಲ. ನಾಯಕಿ ಇನ್ನೂ 'ವಿಶ್ರಾಮ್' ಎಂದಿರಲಿಲ್ಲ. ವೆಂಕಟಗಿರಿ ತನ್ನ ತಂದೆ ಒಮ್ಮೆ ನಿಂತಿದ್ದ ಆ ಕೊನೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದ.

"ಪರೀಕ್ಷೆ ಮುಗಿಯೋವರೆಗೆ ಅಷ್ಟೆ."

"ಪರೀಕ್ಷಾ ವರ್ಷಾ ವರ್ಷಾ ಬರ್ತಾವಲ್ರಿ ಸಾರ್," ಎನ್ನುತ್ತ ದಾನಮ್ಮ ಸಾಲಿನ ಕಡೆ ತಿರುಗಿದಳು. "ವಿಶ್ರಾಮ್!"

ಅಂದೇ ಸಂಜೆ ಅಶಿಸ್ತಿನ ಕಾರಣ ಕೊಟ್ಟು ಅವಳ ಬ್ಯಾಡ್ಜನ್ನು ಕಿತ್ತುಕೊಂಡರು. ನಾನು ಕೆಂಡವಾದೆ. ಅವಳೇ ನನ್ನನ್ನು ಸಮಾಧಾನಪಡಿಸಿದಳು. "ಅದರ ಪಿನ್ನು ಅಂಗಿ ಹರೀತಿತ್ತು, ಹೋಗ್ಲಿ ಬಿಡ್ರಿ ಮಿಸ್. ಕೋಣಿ ಸಿಕ್ತಲ್ಲ." ಹೊಸ ನಾಯಕನನ್ನು ಸಮಿತಿಯೇ ನೇಮಿಸಹೊರಟಿತು. ಬ್ಯಾಡ್ಜು ಕಿತ್ತುಕೊಂಡವರಿಗೆ ಅದನ್ನು ತೊಡಿಸುವ ಹಕ್ಕಿಲ್ಲವೆಂದು ನಾನು ಮೇಜು ಕುಟ್ಟಿದೆ. ಇದು ಸಮಿತಿಯ ಕೋಣೆ, ಹಿರಿಯರದು. ಇಲ್ಲಿ ಕೂಗಾಡುವುದು ನನ್ನ ಪಾಲಿನ ಕೆಲಸ. ಮತದಾನ ನಡೆಯಿತು. ಮಕ್ಕಳು ಸುಘೋಷನನ್ನು ಆರಿಸಿದರು.

ಅವನು ಮೆಟ್ಟಿಲ ಬುಡದಲ್ಲಿ ಮೊದಲ ಅಪ್ಪಣೆ ಕೊಡುವ ಹಿಂದಿನ ದಿನ ನಾನು ಸಂಸ್ಥಾಪಕರ ಆ ಕೋಣೆಗೆ ಹೋದೆ. ಶಾಲೆ ಬಿಟ್ಟಿತ್ತು. ಭಾವಚಿತ್ರದ ಕೆಳಗೆ ಕರಿಹಲಗೆ. ದಾನಮ್ಮ ಅದನ್ನು ಒರೆಸುತ್ತಿದ್ದಳು. ಸುಘೋಷನ ಬಾಟಲಿ ಖಾಲಿಯಾಗಿ ಮೇಜಿನ ಮೇಲೆ ಉರುಳಿತ್ತು.

"ಮಿಸ್," ಎಂದ ಅವನು. ಅಂದು ನಗಾಡಲಿಲ್ಲ. "ಕೂತ್ಕೊಂಡು ಕೂಗಿದ್ರೆ ನನ್ನ ಗಂಟಲು ಕೊನೇ ಸಾಲಿಗೆ ಮುಟ್ಟತ್ತಾ?"

"ಮುಟ್ಟದೇ ಇದ್ರೆ ಕೊನೇ ಸಾಲೇ ಮುಂದಕ್ಕೆ ಬರತ್ತೆ ಕಣೋ. ನಾನು ಅಲ್ಲೇ ನಿಂತಿರ್ತೀನಿ."

ಅವನು ಕುರ್ಚಿಯ ಗಾಲಿಯನ್ನು ನನ್ನ ಹತ್ತಿರಕ್ಕೆ ಉರುಳಿಸಿಕೊಂಡ.

"ಹಾಗಾದ್ರೆ ಕಲಾವತಿ ಆಂಟಿ ಕಥೆ ಇನ್ನೊಂದ್ಸಲ ಹೇಳಿ ಮಿಸ್. ಸೀಟಿಯಿಂದ ಶುರು ಮಾಡಿ. ಹಾಲಿನವರು ಸೈಕಲ್ ನಿಲ್ಲಿಸಿದ್ದನ್ನ ಮಾತ್ರ ಬಿಡ್ಬೇಡಿ."