ಹದಿನೇಳನೇ ನಂಬರಿನ ಬೆಸುಗೆ

ಮಿಂಚುಳ್ಳಿ ನಮ್ಮ ಹಡಗು ಯಾರ್ಡಿಗೆ ಒಡೆಸಿಕೊಳ್ಳಲು ಬಂದಾಗ ಅದರ ಮೇಲೆ ಬಂದೂಕೂ ಇರಲಿಲ್ಲ, ಕ್ಷಿಪಣಿಯ ಪೆಟ್ಟಿಗೆಯೂ ಇರಲಿಲ್ಲ. ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ ಓಡಿದ ವೇಗದ ದಾಳಿ ದೋಣಿ ಅದು. ಕಟ್ಟಿದ್ದೂ ಇದೇ ಯಾರ್ಡಿನಲ್ಲಿ. ತಳಕ್ಕೆ ಬೆಸುಗೆ ಹಾಕಿದವರಲ್ಲಿ ಅಪ್ಪನೂ ಒಬ್ಬ. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಗ್ಯಾಸ್ ಕಟರ್ ಹಾಯುವ ಜಾಗದಲ್ಲಿ ಮೊದಲೇ ಬಣ್ಣ ಕೆರೆದು ಕೊಡುವುದು ನನ್ನ ಕೆಲಸ. ಹೆಚ್ಚು ಮಾತು ಬೇಕಿಲ್ಲ, ಅದಕ್ಕೇ ನನಗೆ ಒಗ್ಗಿದೆ.

ನೀರಿಗಿಳಿದ ಆರನೇ ವರ್ಷ, ಪೂರ್ತಿ ವೇಗದಲ್ಲಿ ಹೋಗುವಾಗ ದೋಣಿಯ ಎಂಜಿನ್ ಕೋಣೆಗೆ ನೀರು ನುಗ್ಗಿ ಇಬ್ಬರು ಸತ್ತಿದ್ದರು. ಸಮುದ್ರದ ನೀರೆಳೆಯುವ ಕೊಳವೆಯ ಜಾಲರಿ ತೊಳೆದಮೇಲೆ ಅದರ ವಾಲ್ವ್ ಮುಚ್ಚಲಿಲ್ಲವೆಂದು ವಿಚಾರಣೆಯವರು ಎಂಜಿನ್ನಿನವನ ತಲೆಗೆ ಕಟ್ಟಿದರು. ಆ ಎಂಜಿನ್ನಿನವನೇ ನನ್ನ ಸೋದರಮಾವ. ಕೆಲಸ ಹೋದಮೇಲೆ ನಮ್ಮ ಮನೆಯಲ್ಲೇ ಉಳಿದ. ಒಂದು ನಲ್ಲಿ ಮುಚ್ಚಿದರೆ ಎರಡು ಸಲ ವಾಪಸು ಹೋಗಿ ತಿರುಗಿಸಿ ನೋಡುತ್ತಿದ್ದ.

ಅಪ್ಪನಿಗೆ ಅದೇ ತಮಾಷೆ. “ಡಬ್ಬಿ ಮುಚ್ಚಿದ್ಯೇನೋ ಭಾವಮೈದ? ನಿನ್ನ ಕೈ ನಂಬೋಕಾಗಲ್ಲಪ್ಪ.” ಮಾವ ತಲೆ ಬಗ್ಗಿಸಿ ಉಣ್ಣುತ್ತಿದ್ದ.

ಮಂಗಳವಾರ ಎಂಜಿನ್ ಕೋಣೆಯ ತಳದಲ್ಲಿ, ಎಣ್ಣೆ ಟ್ಯಾಂಕಿನ ಹಿಂದೆ ತಗಡಿನ ಒಂದು ತೇಪೆ ಕಂಡಿತು. ಕತ್ತರಿಸುವ ಮೇಸ್ತ್ರಿ ಅದನ್ನು ಬಿಡಿಸಿ ತೆಗೆದ. ಅಡಿಯಲ್ಲಿ ಹಳೆಯ ಬೆಸುಗೆ ಬಾಯಿ ಬಿಟ್ಟಿತ್ತು. ಅದರೊಳಗೆ ವೆಲ್ಡಿಂಗ್ ರಾಡುಗಳು ಕರಗದೆ ಸಾಲಾಗಿ ಮಲಗಿದ್ದವು.

“ತಗಡು ಗಿಡ್ಡ ಬಿದ್ದಿದೆ, ಸಂದು ಅಗಲ ಆಗಿದೆ,” ಎಂದ ಮೇಸ್ತ್ರಿ. “ಸರಿಯಾಗಿ ತುಂಬೋ ಬದಲು ಯಾರೋ ಪುಣ್ಯಾತ್ಮ ರಾಡು ತುರುಕಿ, ಮೇಲೊಂದು ಗೆರೆ ಎಳೆದಿದ್ದಾನೆ. ನೀರು ಬಂದಿದ್ದು ಇಲ್ಲಿಂದಾನೇ. ಆಮೇಲೆ ರಿಪೇರಿಗೆ ಬಂದಾಗ ತೇಪೆ ಹಾಕಿದ್ದಾರೆ.”

ನಮ್ಮ ಯಾರ್ಡಿನಲ್ಲಿ ಬೆಸುಗೆ ಮುಗಿದ ತುದಿಗೆ ಬೆಸೆದವನು ತನ್ನ ನಂಬರು ಗುದ್ದಬೇಕು. ನಾನು ಬಣ್ಣ ಕೆರೆದೆ. ಹದಿನೇಳು. ಅಪ್ಪನ ನಂಬರು.

ತೇಪೆಯ ಅಂಚನ್ನೂ ಕೆರೆದೆ. ಅಲ್ಲೂ ಹದಿನೇಳು.

ಮೊದಲನೆಯದನ್ನು ಕೆಟ್ಟ ಕೆಲಸ ಎನ್ನಬಹುದಿತ್ತು. ಎರಡನೆಯದನ್ನು ಹಾಗೆನ್ನುವಂತಿರಲಿಲ್ಲ. ಅಪ್ಪ ಆ ಬಿರುಕನ್ನು ಕಣ್ಣಾರೆ ನೋಡಿಯೇ ಮುಚ್ಚಿದ್ದ. ನಂಬರು ಗುದ್ದಿದ್ದು ಬರೀ ಕೈಯ ರೂಢಿ.

“ಈ ಎರಡು ತುಂಡು ನಾನು ತಗೊಳ್ಳಲಾ ಅಣ್ಣ?”

“ಯಾಕೆ, ಮದುವೆಗೆ ಒಡವೆ ಮಾಡಿಸ್ಕೊಳ್ತೀಯಾ?” ಎಂದು ನಗುತ್ತಲೇ ಮೇಸ್ತ್ರಿ ನಂಬರಿದ್ದ ತುದಿಗಳನ್ನು ಅಂಗೈಯಗಲ ಕತ್ತರಿಸಿ ಕೊಟ್ಟ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಇಬ್ಬರೂ ತಟ್ಟೆ ಮುಂದೆ ಕೂತಿದ್ದರು. ತುಂಡುಗಳನ್ನು ಮಾವನ ತಟ್ಟೆಯ ಪಕ್ಕದಲ್ಲಿಟ್ಟು, “ಮಿಂಚುಳ್ಳೀದು. ಎಣ್ಣೆ ಟ್ಯಾಂಕಿನ ಹಿಂದೆ ಇತ್ತು,” ಎಂದಷ್ಟೇ ಹೇಳಿದೆ.

ಅಪ್ಪನ ತುತ್ತು ಅರ್ಧದಲ್ಲೇ ನಿಂತಿತು. ಮಾವ ರಾಡುಗಳ ಮೇಲೆ ಬೆರಳಾಡಿಸಿದ. ನಂಬರು ನೋಡಿದ. ಅವನು ಕೂಗಾಡುತ್ತಾನೆಂದುಕೊಂಡಿದ್ದೆ.

“ಭಾವ,” ಎಂದ ಮೆಲ್ಲಗೆ. “ಹಾಗಾದ್ರೆ ನಾನು ವಾಲ್ವ್ ಮುಚ್ಚಿದ್ದೆನಾ?”

ಹದಿನಾರು ವರ್ಷದಲ್ಲಿ ಅವನೇ ತನ್ನನ್ನು ನಂಬುವುದನ್ನು ಬಿಟ್ಟಿದ್ದ. ಅದು ನನಗೆ ಗೊತ್ತಿರಲಿಲ್ಲ.

ಅಪ್ಪ ತಟ್ಟೆಯನ್ನೇ ನೋಡುತ್ತ ಹೇಳಿದ: “ನೀನು ಮುಚ್ಚಿದ್ದೆ.”

ಮಾವ ಎದ್ದು ಕೈ ತೊಳೆದ. ನಲ್ಲಿಯನ್ನು ಒಂದೇ ಸಲ ತಿರುಗಿಸಿದ. ಎರಡು ತುಂಡುಗಳನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು, “ನೌಕಾಪಡೆ ಆಫೀಸಿಗೆ ಹೋಗ್ಬೇಕು, ಜೊತೆಗೆ ಬರ್ತೀಯೇನಮ್ಮ?” ಎಂದು ನನ್ನನ್ನು ಕೇಳಿ ಬಾಗಿಲು ದಾಟಿದ. ಹಿಂತಿರುಗಿ ನಲ್ಲಿಯ ಕಡೆ ನೋಡಲಿಲ್ಲ.

ನಾನು ಚಪ್ಪಲಿ ಮೆಟ್ಟಿಕೊಂಡೆ.