ನಾನು ಹತ್ತದ ಮರ

ಜೀವಮಾನದಲ್ಲಿ ನಾನು ಒಂದೇ ಒಂದು ಅಡಿಕೆ ಮರ ಹತ್ತಿದವನಲ್ಲ. ಆದರೂ ಕಡಬದಿಂದ ನೆಟ್ಟಣದವರೆಗೆ ಯಾರನ್ನು ಬೇಕಾದರೂ ಕೇಳಿ, ಈ ಷೈಜುವಿನ ಕಾಲು ಹೋದದ್ದು ಹೇಗೆ ಎಂದು. ತ್ಯಾಂಪಣ್ಣನ ತೋಟದಲ್ಲಿ ಮರದಿಂದ ಬಿದ್ದು ಎನ್ನುತ್ತಾರೆ. ಕೆಲವರು ಯಾವ ಮರ ಎಂದೂ ಹೇಳುತ್ತಾರೆ. ಕೆರೆಯ ಬದಿಯಲ್ಲಿ ಸ್ವಲ್ಪ ಬಾಗಿದ್ದ ಮರವಂತೆ. ಆ ಪಾಪದ ಮರ ಈಗ ಇಲ್ಲ. ತ್ಯಾಂಪಣ್ಣನ ಹೆಂಡತಿ ದಮಯಂತಿ ಅಕ್ಕ, ಮನುಷ್ಯನನ್ನು ಬೀಳಿಸಿದ ಮರ ತೋಟದಲ್ಲಿ ಇರಬಾರದು ಎಂದು ಹಟ ಹಿಡಿದು ಅದನ್ನು ಕಡಿಸಿಬಿಟ್ಟರು. ಗಂಡ ಬೇಡ ಎನ್ನುವ ಹಾಗಿರಲಿಲ್ಲ, ಬೇಡ ಎಂದರೆ ಗುಟ್ಟು ಬಿಟ್ಟುಕೊಡಬೇಕಿತ್ತು. ನನ್ನ ಹೆಸರಿನಲ್ಲಿ ಬೇರೆಯವರು ಹೇಳಿದ ಸುಳ್ಳಿಗೆ ಮೊದಲು ಬಲಿಯಾದದ್ದು ಆ ಮರ.

ನಡೆದದ್ದು ಇಷ್ಟು. ನೆಟ್ಟಣ ದಾಟಿದ ಮೇಲೆ ರೈಲು ಘಾಟಿ ಹತ್ತುತ್ತದೆ. ಹಳಿಯ ಪಕ್ಕದಲ್ಲಿ ಗುಡ್ಡ ಕಡಿದ ಎತ್ತರದ ಗೋಡೆ. ಮಳೆ ಶುರುವಾಗುವ ಮೊದಲು ಅಲ್ಲಿ ಸಡಿಲವಾದ ಬಂಡೆಗಳನ್ನು ಹಾರೆಯಿಂದ ಮೀಟಿ ಬೀಳಿಸಬೇಕು, ಇಲ್ಲದಿದ್ದರೆ ಅವು ತಾವಾಗಿಯೇ ಹಳಿಯ ಮೇಲೆ ಬೀಳುತ್ತವೆ. ಕೆಲಸದ ದೊಡ್ಡ ಕಂತ್ರಾಟುದಾರ ಎಲ್ಲಿಯೋ ದೂರದ ಊರಿನವನು, ಅವನ ಮುಖ ನಾವು ಕಂಡಿಲ್ಲ. ಅವನಿಂದ ಕೆಲಸ ಹಿಡಿದು ಆಳು ಕೂಡಿಸಿದ್ದು ನಮ್ಮ ಮಾಥ್ಯೂ ಅಚ್ಚಾಯ; ಹಿರಿಯರನ್ನು ನಮ್ಮವರು ಅಚ್ಚಾಯ ಎಂದೇ ಕರೆಯುವುದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಿನಿಂದ ಇಳಿಯುವುದು ನಮ್ಮ ಪದ್ಧತಿ. ಬೆಲ್ಟುಗಳು ಇರಲಿಲ್ಲ ಎನ್ನುವುದಿಲ್ಲ. ಅಚ್ಚಾಯನ ಜೀಪಿನ ಹಿಂದೆ ಗೋಣಿಚೀಲದಲ್ಲಿ ಇರುತ್ತಿದ್ದವು. ದೊಡ್ಡವರು ನೋಡಲು ಬರುವ ದಿನ ಹಾಕಿಕೊಳ್ಳುತ್ತಿದ್ದೆವು. ಉಳಿದ ದಿನ, ಬಿಗಿಯುತ್ತದೆ, ಕೆಲಸ ಸಾಗುವುದಿಲ್ಲ ಎಂದು ನಾವೇ ಬದಿಗಿಡುತ್ತಿದ್ದೆವು. ಅಚ್ಚಾಯನಿಗೂ ಕೆಲಸ ಸಾಗಬೇಕಿತ್ತು.

ಆ ದಿನ ನಾನು ಮೀಟಿದ ಬಂಡೆ ಬೀಳಲಿಲ್ಲ, ಅದರ ಮೇಲಿನದು ಬಂತು. ಹಗ್ಗ ಜಾರಿತು. ಕೆಳಗೆ ಚರಂಡಿಯಲ್ಲಿ ಬಿದ್ದ ನನ್ನ ಬಲಗಾಲಿನ ಮೇಲೆ ಕಲ್ಲು ಬಂದು ಕುಳಿತಿತು. ಮತ್ತೆ ಎಚ್ಚರವಾದಾಗ ಪುತ್ತೂರಿನ ಆಸ್ಪತ್ರೆಯಲ್ಲಿದ್ದೆ. ಮೊಣಕಾಲಿನಿಂದ ಕೆಳಗೆ ಬಲಗಾಲು ಇರಲಿಲ್ಲ, ಮತ್ತು ನಾನು ಅಡಿಕೆ ಮರದಿಂದ ಬಿದ್ದವನಾಗಿದ್ದೆ.

ಮಾಥ್ಯೂ ಅಚ್ಚಾಯ ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಿತ್ತು! ನಾನು ಕೂಸಾಗಿದ್ದಾಗ ಇಗರ್ಜಿಯಲ್ಲಿ ಜ್ಞಾನಸ್ನಾನದ ದಿನ ನನ್ನನ್ನು ಎತ್ತಿ ಹಿಡಿದು, ಈ ಮಗುವಿಗೆ ನಾನು ಹೊಣೆ ಎಂದವರು ಅವರು. ಅಂಥವರನ್ನು ನಾವು ಮಲಯಾಳದಲ್ಲಿ ತಲತೊಟ್ಟಪ್ಪನ್ ಎನ್ನುತ್ತೇವೆ, ತಲೆ ಮುಟ್ಟಿದ ಅಪ್ಪ. ಆ ದಿನವೂ ಕಲ್ಲಿನಡಿಯಿಂದ ನನ್ನನ್ನು ಎಳೆದದ್ದು, ಹಳಿಯುದ್ದಕ್ಕೂ ಹೊತ್ತು ತಂದು ತಮ್ಮ ಜೀಪಿಗೆ ಹಾಕಿದ್ದು ಅವರೇ. ದಾರಿಯಲ್ಲಿ ನನ್ನ ಹೆಂಡತಿ ಲಿಜಿಯನ್ನು ಹತ್ತಿಸಿಕೊಂಡರು. ಅಳುತ್ತಿದ್ದ ಅವಳನ್ನು ಮೋಳೆ, ಮಗಳೇ ಎಂದು ಕರೆದು ಅವರು ಹೇಳಿದ್ದನ್ನು ಅವಳು ನನಗೆ ಆಮೇಲೆ ಹೇಳಿದಳು.

"ರೈಲ್ವೆ ಕೆಲಸ ಅಂತ ಹೇಳಿದ್ರೆ ಪೊಲೀಸ್ ಬರ್ಬೇಕು ಮೋಳೆ. ಅವರು ಬರುವವರೆಗೆ ಡಾಕ್ಟ್ರು ಮುಟ್ಟುದಿಲ್ಲ. ಅಡಿಕೆ ಮರದಿಂದ ಬಿದ್ದದ್ದು ಅಂತ ಹೇಳು. ತ್ಯಾಂಪಣ್ಣನಿಗೆ ನಾನು ಫೋನ್ ಮಾಡಿದ್ದೇನೆ, ಅವರ ತೋಟ ಅಂತ ಹೇಳಿದ್ರೆ ಆಯ್ತು."

ನಮ್ಮ ಕಡೆ ಇದಕ್ಕಿಂತ ಸಲೀಸಾದ ಸುಳ್ಳು ಇಲ್ಲ. ಕೊಯ್ಲಿನ ಕಾಲದಲ್ಲಿ ಆಸ್ಪತ್ರೆ ತುಂಬ ಅಂಥವರೇ. ಡಾಕ್ಟರು ಒಂದೇ ಪ್ರಶ್ನೆ ಕೇಳಿದರಂತೆ, ಮರದಿಂದ ಬಿದ್ದರೆ ಕಾಲು ಹೀಗೆ ಜಜ್ಜಿ ಹೋಗುತ್ತದೆಯೇ ಎಂದು. "ಕೆಳಗೆ ಕಲ್ಲಿನ ಕಟ್ಟೆ ಉಂಟು ಡಾಕ್ಟ್ರೆ" ಎಂದಳಂತೆ ಲಿಜಿ. ಗಂಡನ ಜೀವ ಉಳಿಯಲಿ ಎಂದು ಹೇಳಿದ ಮಾತು ಅದು. ಅವಳನ್ನು ನಾನು ಯಾವತ್ತೂ ಬೈದಿಲ್ಲ. ತ್ಯಾಂಪಣ್ಣನನ್ನಾದರೂ ಬೈಯಲಿಕ್ಕಾಗುತ್ತದೆಯೇ? ಕಷ್ಟದಲ್ಲಿರುವವನಿಗೆ ಒಂದು ಮರದ ಉಪಕಾರ ಮಾಡಿದ್ದೇನೆ ಎಂದೇ ಅವರು ತಿಳಿದಿದ್ದರು. ಎಲ್ಲರೂ ಒಳ್ಳೆಯವರು, ಒಳ್ಳೆಯವರೆಲ್ಲ ಸೇರಿ ನನ್ನನ್ನು ಹೂತುಬಿಟ್ಟರು.

ಚಾವಡಿಯ ಮಂಚದಲ್ಲಿ ಮಲಗಿದವನಿಗೆ ಊರೆಲ್ಲ ನೆಂಟರೇ. ಕುಡಿಯಲು ಬೊಂಡ ತಂದರು, ಹಚ್ಚಲು ಎಣ್ಣೆ ತಂದರು. ಮರ ಹತ್ತುವವರಂತೂ, ನಾನು ತಮ್ಮವನೇ ಎಂದು ತಿಳಿದು ಹುಡುಕಿಕೊಂಡು ಬರುತ್ತಿದ್ದರು. "ತಳೆ ಹಳತಾಗಿತ್ತಾ? ಮರ ಒದ್ದೆ ಇತ್ತಾ ಎಂತ?" ತಳೆ ಎಂದರೆ ಮರ ಹತ್ತುವಾಗ ಎರಡೂ ಪಾದಕ್ಕೆ ಸಿಕ್ಕಿಸಿಕೊಳ್ಳುವ ಹಗ್ಗದ ಬಳೆ. ವರ್ಷಗಟ್ಟಲೆ ಅದು ಉಜ್ಜಿ ಉಜ್ಜಿ ಅವರ ಪಾದದ ಒಳಬದಿಯಲ್ಲಿ ಕಪ್ಪು ಜಡ್ಡು ಕಟ್ಟಿರುತ್ತದೆ. ನನಗೆ ಉಳಿದಿದ್ದ ಎಡಗಾಲು ರಬ್ಬರ್ ಟ್ಯಾಪಿಂಗ್ ಮಾಡಿದವನ ಕಾಲು, ಹಳಿಯ ಜಲ್ಲಿಯಲ್ಲಿ ನಡೆದವನ ಕಾಲು. ಒಳಬದಿ ಮಕ್ಕಳ ಪಾದದ ಹಾಗೆ ನುಣುಪು. ಅವರು ಬಂದಾಗಲೆಲ್ಲ ನಾನು ಹೊದಿಕೆ ಎಳೆದು ಆ ಕಾಲನ್ನು ಮುಚ್ಚಿಕೊಳ್ಳುತ್ತಿದ್ದೆ. ಸೆಕೆಯಲ್ಲಿ ಬೆವರುತ್ತ ಹೊದ್ದು ಮಲಗಿದವನನ್ನು ಕಂಡು ಜ್ವರವೂ ಉಂಟು ಎಂದು ಅವರು ಮರುಗುತ್ತಿದ್ದರು. ಸುಳ್ಳು ಹೇಳಿದವರು ಆರಾಮವಾಗಿ ಪೇಟೆ ತಿರುಗುತ್ತಿದ್ದರು, ಅದನ್ನು ಕಾಯುವ ಕೆಲಸ ಮಾತ್ರ ನನಗೆ! ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಭಾನುವಾರ ಪೂಜೆ ಮುಗಿಸಿ ಅಚ್ಚಾಯ ಮೀನು ಹಿಡಿದುಕೊಂಡು ಬರುತ್ತಿದ್ದರು. ನನ್ನ ಕಾಲಿನ ಕಡೆ ನೋಡುತ್ತಿರಲಿಲ್ಲ, ಗೋಡೆಯ ಮೇಲಿನ ಯೇಸುವಿನ ಚಿತ್ರ ನೋಡಿಕೊಂಡು ಮಾತಾಡುತ್ತಿದ್ದರು. ಒಂದು ವರ್ಷ ಹೀಗೇ ಹೋಯಿತು. ಮುಂದಿನ ಬೇಸಿಗೆಯ ಒಂದು ಭಾನುವಾರ, ಊಟ ಮಾಡುತ್ತ ಸಂತೋಷದಲ್ಲಿ ಹೇಳಿದರು:

"ಟಿಜೋ ನಿನ್ನ ಹಾಗೇ ಷೈಜು. ಹಗ್ಗಕ್ಕೆ ಹೆದರುದೇ ಇಲ್ಲ."

ಟಿಜೋ ಲಿಜಿಯ ತಮ್ಮ. ನನ್ನ ಬಾಯಿಯ ತುತ್ತು ಬಾಯಿಯಲ್ಲೇ ಉಳಿಯಿತು.

"ಎಲ್ಲಿಯ ಹಗ್ಗ?"

"ಅಲ್ಲಿಯೇ. ನೆಟ್ಟಣದ ಆಚೆ."

"ಬೆಲ್ಟ್ ಹಾಕಿಸ್ತೀರಾ ಅಚ್ಚಾಯ?"

"ಜೀಪಿನಲ್ಲಿ ಉಂಟಲ್ಲ ಮಾರಾಯ" ಎಂದು ಅವರು ಕೈ ತೊಳೆಯಲು ಎದ್ದರು.

ಅವರು ಹೋದ ಮೇಲೆ ಲಿಜಿಯನ್ನು ಕೂಗಿದೆ. ಅವಳಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ ಅಷ್ಟೆ.

"ಅವನಿಗೆ ಒಂದು ಕೆಲಸ ಸಿಕ್ಕಿದ್ದೇ ಈಗ" ಎಂದಳು. "ಅದಕ್ಕೂ ಕಲ್ಲು ಹಾಕುದಾ ನೀವು? ಬೇಕಾದ್ರೆ ಬೆಲ್ಟ್ ಹಾಕ್ಲಿಕ್ಕೆ ಹೇಳ್ತೇನೆ."

"ಅವನು ಯಾಕೆ ಹಾಕ್ತಾನೆ? ಅಲ್ಲಿ ಯಾರಾದ್ರೂ ಬಿದ್ದಿದ್ದಾರಾ? ಬಿದ್ದ ಒಬ್ಬ ಅಡಿಕೆ ಮರದಿಂದ ಬಿದ್ದದ್ದಲ್ಲವಾ?"

ಲಿಜಿ ಒಳಗೆ ಹೋದಳು. ಪಾತ್ರೆ ತಿಕ್ಕುವ ಸದ್ದು ಜೋರಾಯಿತು.

ಆ ವಾರ ಉಚಿತ ಕಾನೂನು ನೆರವಿನ ಶಿಬಿರವೆಂದು ಮೈಕ್ ಕಟ್ಟಿದ ಜೀಪೊಂದು ರಸ್ತೆಯಲ್ಲಿ ಹೋಯಿತು. ಅವರು ಕೂಗಿ ಹೇಳಿದ ನಂಬರಿಗೆ ನಾನು ಮಂಚದಿಂದಲೇ ಫೋನ್ ಮಾಡಿದೆ. ಬಂದವರು ಪುತ್ತೂರಿನ ವಕೀಲೆ ನಶೀದಾ. ಸ್ಕೂಟರಿನಲ್ಲಿ ಬಂದರು, ಕುರ್ಚಿ ಎಳೆದು ಕುಳಿತರು, ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ತುರಿಸಿಕೊಂಡರು. ಸಮಾಧಾನ ಹೇಳುವ ಜಾತಿಯವರಲ್ಲ.

"ನೋಡಿ, ಈಗ ನೀವು ಅಡಿಕೆ ಮರದಿಂದ ಬಿದ್ದವರು. ಹಾಗಾದ್ರೆ ಪರಿಹಾರ ಕೇಳ್ಬೇಕಾದ್ದು ತ್ಯಾಂಪಣ್ಣನ ಹತ್ರ."

"ಅವರೆಂತ ತಪ್ಪು ಮಾಡಿದ್ದಾರೆ ಮೇಡಂ?"

"ಎಂತದೂ ಇಲ್ಲ. ಮಾಥ್ಯೂನ ಮೇಲೆ ಕೇಸು ಹಾಕ್ಬೇಕಾದ್ರೆ ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು ಅಂತ ನಿಮ್ಮ ಹೆಂಡತಿ ಹೇಳ್ಬೇಕು. ಕೆಲಸ ರೈಲ್ವೆಯದ್ದು, ಅವರನ್ನೂ ಸೇರಿಸ್ಬೇಕಾಗ್ತದೆ. ಆದ್ರೆ ನೀವು ಆ ದಿನ ಅಲ್ಲಿ ಕೆಲಸದಲ್ಲಿ ಇದ್ರಿ ಅಂತ ಹೇಳುವವರು ಯಾರುಂಟು?"

ಯಾರೂ ಇರಲಿಲ್ಲ. ಜೊತೆಯಲ್ಲಿದ್ದ ಹುಡುಗರೆಲ್ಲ ಅಚ್ಚಾಯನ ಕೆಲಸದಲ್ಲೇ ಇದ್ದರು. ಕೇಳಿದರೆ, ಆ ದಿನ ಒಬ್ಬರೂ ಕೆಲಸಕ್ಕೆ ಬಂದಿರಲಿಲ್ಲವಂತೆ. ಹಾಗಾದರೆ ಮೇಲೆ ನನ್ನ ಹಗ್ಗ ಹಿಡಿದು ನಿಂತದ್ದು ದೇವದೂತರಿರಬೇಕು. ಲಿಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು, ನಾನು ಸಾಕ್ಷಿ ಹೇಳುವುದಿಲ್ಲ ಎಂದಳು. ತಾನು ಸುಳ್ಳಿ ಎನಿಸಿಕೊಂಡರೆ ಹೋಗಲಿ, ತಮ್ಮನ ಕೆಲಸ ಹೋಗುತ್ತದಲ್ಲ.

"ಆದ್ರೂ ಹಾಕಿ ಮೇಡಂ" ಎಂದೆ. "ಅಲ್ಲಿ ಒಬ್ಬ ಬಿದ್ದಿದ್ದಾನೆ ಅಂತ ಯಾರಾದ್ರೂ ಒಮ್ಮೆ ದೊಡ್ಡದಾಗಿ ಹೇಳ್ಬೇಕು."

ಅರ್ಜಿ ಹಾಕಿದ ಮೇಲೆ ಭಾನುವಾರದ ಮೀನು ನಿಂತಿತು. ಇಗರ್ಜಿಯಲ್ಲಿ ಲಿಜಿಯ ಪಕ್ಕ ಕುಳಿತುಕೊಳ್ಳುವವರು ಕಡಿಮೆಯಾದರು. ಉಪಕಾರ ಮರೆತವನು ಎಂಬ ಹೆಸರು ನನಗೆ ಬಂತು. ಟಿಜೋ ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಲಿಜಿ ಅನ್ನ ಹಾಕುತ್ತಿದ್ದಳು, ನೀರು ಕೊಡುತ್ತಿದ್ದಳು, ಬೇಕಾದಷ್ಟೇ ಮಾತಾಡುತ್ತಿದ್ದಳು. ಚಾವಡಿ, ಮಂಚ, ಊರುಗೋಲು, ಕಿಟಕಿ. ಬೆಳಗ್ಗೆ ರೈಲಿನ ಸದ್ದು ದೂರದಿಂದ ಕೇಳಿದರೆ, ಇವತ್ತು ಟಿಜೋ ಹಗ್ಗದಲ್ಲಿ ಇದ್ದಾನೆ ಎಂದು ಎದ್ದು ಕೂರುತ್ತಿದ್ದೆ. ಸಂಜೆ ರಸ್ತೆಯಲ್ಲಿ ಅಚ್ಚಾಯನ ಜೀಪು ಹೋಗುವಾಗ ಹಿಂದಿನ ಸೀಟಿನಲ್ಲಿ ಅವನ ತಲೆ ಕಂಡರೆ ಮಾತ್ರ ನನಗೆ ಕಾಫಿ ಇಳಿಯುತ್ತಿತ್ತು. ಮಳೆಗಾಲದಲ್ಲಿ ಆ ಕೆಲಸ ನಿಂತಾಗ ನಾಲ್ಕು ತಿಂಗಳು ನೆಮ್ಮದಿಯಿಂದ ಉಸಿರಾಡಿದೆ. ವಿಚಾರಣೆ ಸಾಕ್ಷಿಯವರೆಗೆ ಬರುವಷ್ಟರಲ್ಲಿ ಇನ್ನೊಂದು ಬೇಸಿಗೆ ಬಂದಿತ್ತು, ಹಗ್ಗ ಮತ್ತೆ ಇಳಿದಿತ್ತು.

ಪುತ್ತೂರಿನ ಕೋರ್ಟಿಗೆ ಲಿಜಿಯೇ ನನ್ನನ್ನು ಕರೆದುಕೊಂಡು ಹೋದಳು. ಅಂಗಳದಲ್ಲಿ ಅಚ್ಚಾಯನ ಜೀಪು ನಿಂತಿತ್ತು, ಓಡಿಸಿಕೊಂಡು ಬಂದವನು ಟಿಜೋ. ಅಕ್ಕನನ್ನು ಕಂಡು ಮುಖ ತಿರುಗಿಸಿದ.

ಒಳಗೆ ರೈಲ್ವೆಯ ವಕೀಲರೂ ಇದ್ದರು. ಷೈಜು ಆ ದಿನ ತಮ್ಮ ಕೆಲಸದಲ್ಲಿ ಇರಲೇ ಇಲ್ಲ ಎಂದು ಅಚ್ಚಾಯ ಹೇಳಿದರು. ಹೇಳುವಾಗ ಮೇಲೆ ನೋಡಿದರು. ಅಲ್ಲಿ ಯೇಸುವಿನ ಚಿತ್ರ ಇರಲಿಲ್ಲ, ಫ್ಯಾನ್ ಇತ್ತು. ಅವರ ಕಡೆಯ ಸಾಕ್ಷಿಯಾಗಿ ತ್ಯಾಂಪಣ್ಣ ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈ ಮುಗಿದುಕೊಂಡೇ ನಿಂತಿದ್ದರು.

"ಹೌದು ಸ್ವಾಮಿ, ನನ್ನ ತೋಟದಲ್ಲಿಯೇ ಬಿದ್ದದ್ದು."

ನಶೀದಾ ಎದ್ದರು. "ಷೈಜು ಒಳ್ಳೆ ಮರ ಹತ್ತುವವರಾ ತ್ಯಾಂಪಣ್ಣ?"

ತ್ಯಾಂಪಣ್ಣನಿಗೆ ಚುಚ್ಚಿದಂತಾಯಿತು. "ಹತ್ತಲಿಕ್ಕೆ ಬಾರದವನನ್ನು ನಾನು ಮರ ಹತ್ತಿಸ್ತೇನಾ? ಅಪ್ಪನ ಕಾಲದಿಂದ ಅಡಿಕೆ ಮಾಡಿದವರು ನಾವು. ನನ್ನ ತೋಟದಲ್ಲಿ ಇಷ್ಟರವರೆಗೆ ಒಬ್ಬ ಬಿದ್ದಿಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. "ಇವನೊಬ್ಬನನ್ನು ಬಿಟ್ಟು" ಎಂದು ಸೇರಿಸಿದರು.

ನನಗೆ ಏನಾಯಿತೋ ಗೊತ್ತಿಲ್ಲ. ಎರಡು ವರ್ಷ ಹೊದಿಕೆಯೊಳಗೆ ಮುಚ್ಚಿಟ್ಟದ್ದು ಸಾಕು ಎನಿಸಿತು. ಎಡಗಾಲಿನ ಚಪ್ಪಲಿ ಕಳಚಿ, ಕಾಲನ್ನು ಕೈಯಿಂದ ಹಿಡಿದೆತ್ತಿ ಬೆಂಚಿನ ಮೇಲಿಟ್ಟೆ.

"ತ್ಯಾಂಪಣ್ಣ, ಇದನ್ನು ಸ್ವಲ್ಪ ನೋಡಿ."

ಕಾಲು ಇಳಿಸಿ ಎಂದು ಯಾರೋ ಗದರಿದರು. ನ್ಯಾಯಾಧೀಶರು ಬಯಲುಸೀಮೆಯ ಕಡೆಯವರು, ಅವರಿಗೆ ತಲೆಬುಡ ತಿಳಿಯಲಿಲ್ಲ. ನಶೀದಾಗೆ ತಿಳಿಯಿತು. ಸಾಕ್ಷಿ ಆ ಪಾದವನ್ನು ನೋಡಲು ಅನುಮತಿ ಕೇಳಿದರು.

ತ್ಯಾಂಪಣ್ಣ ಬಗ್ಗಿ ನೋಡಿದರು. ಕೆಲಸ ಕೇಳಿಕೊಂಡು ಬಂದವನ ಮುಖಕ್ಕಿಂತ ಮೊದಲು ಪಾದ ನೋಡುವ ಮನುಷ್ಯ ಅವರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಅಚ್ಚಾಯ ಕೆಮ್ಮಿದರು. ತ್ಯಾಂಪಣ್ಣ ಅವರತ್ತ ತಿರುಗಲಿಲ್ಲ.

"ಇದು ತಳೆ ಹಾಕಿದ ಕಾಲಲ್ಲ ಸ್ವಾಮಿ" ಎಂದರು. ಧ್ವನಿ ಸಣ್ಣಗಾಗಿತ್ತು. "ಇಂಥ ಕಾಲಿನವನನ್ನು ಮರ ಹತ್ತಿಸಿದೆ ಅಂತ ನಾನು ಹೇಳಿದ್ರೆ, ನಾಳೆ ಒಬ್ಬ ಆಳು ನನ್ನ ತೋಟಕ್ಕೆ ಕಾಲಿಡುದಿಲ್ಲ. ಮಾಥ್ಯೂ ಒಂದು ಮಾತಿಗೆ ಕೇಳಿದ್ರು, ನಾನು ಹೂಂ ಅಂದೆ. ಸುಮ್ಮನೆ ಒಂದು ಒಳ್ಳೆ ಮರ ಹೋಯ್ತು."

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಆಗ ಹಿಂದಿನ ಬೆಂಚಿನಲ್ಲಿ ಲಿಜಿ ಎದ್ದು ನಿಂತಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಆಸ್ಪತ್ರೆಯಲ್ಲಿ ಹೇಳಿದ್ದು ನಾನು" ಎಂದಳು.

ಈಗ ಕುಳಿತುಕೊಳ್ಳಿ, ಕರೆದಾಗ ಬಂದು ಹೇಳಿ ಎಂದರು ನ್ಯಾಯಾಧೀಶರು. ಅವಳು ಕುಳಿತುಕೊಳ್ಳಲಿಲ್ಲ. ಮುಂದೆ ಬಂದು ನೆಲದಲ್ಲಿ ಕುಕ್ಕರಿಸಿ ನನ್ನ ಕಾಲಿಗೆ ಚಪ್ಪಲಿ ಹಾಕಿದಳು.

ತೀರ್ಪು ಇನ್ನೂ ಬಂದಿಲ್ಲ. ಬರುತ್ತದೆ ಎನ್ನುತ್ತಾರೆ ನಶೀದಾ, ತಡವಾಗುತ್ತದೆ ಎಂದೂ ಹೇಳುತ್ತಾರೆ. ಆದರೆ ಅವತ್ತು ನಾವು ಹೊರಗೆ ಬರುವಾಗ ರೈಲ್ವೆಯ ವಕೀಲರು ಜಗಲಿಯಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದರು, ಆ ಗುಡ್ಡದಲ್ಲಿ ಇವತ್ತಿನಿಂದ ಒಬ್ಬನೂ ಹಗ್ಗದಲ್ಲಿ ಇಳಿಯಬಾರದು, ಕೆಲಸ ನಿಲ್ಲಿಸಿ ಎಂದು. ಅಚ್ಚಾಯ ನನ್ನ ಪಕ್ಕದಲ್ಲೇ ಹಾದುಹೋದರು. ಎರಡು ವರ್ಷದಲ್ಲಿ ಮೊದಲ ಸಲ ಅವರು ನನ್ನ ತುಂಡಾದ ಕಾಲನ್ನು ನೋಡಿದರು. ಹೋಗಿ ಜೀಪಿನಲ್ಲಿ ಕುಳಿತರು.

ಟಿಜೋ ಮಾತ್ರ ಜಗಲಿಯ ಮೆಟ್ಟಿಲುಗಳನ್ನು ದಡದಡ ಹತ್ತಿ ಬಂದ. ಮುಖ ಕೆಂಪಾಗಿತ್ತು.

"ನನ್ನ ಕೆಲಸ ತೆಗೆದಿರಲ್ಲ ಷೈಜುಚೇಟಾ! ಸಮಾಧಾನ ಆಯ್ತಾ ಈಗ? ಇನ್ನು ನಿಮ್ಮ ಮುಖ ನೋಡುದಿಲ್ಲ ನಾನು." ಅಕ್ಕನ ಕಡೆ ತಿರುಗಿ, "ನಿನ್ನದೂ ಅಷ್ಟೇ, ಚೇಚಿ" ಎಂದ.

ಕಾಲು ನೆಲಕ್ಕೆ ಅಪ್ಪಳಿಸಿದ. ಸರಕ್ಕನೆ ತಿರುಗಿದವನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದ, ಅಂಗಳದ ಜಲ್ಲಿಯನ್ನು ಒದೆಯುತ್ತ ಗೇಟಿನ ಕಡೆ ಹೋದ. ನಾನು ಅವನ ಬೆನ್ನು ನೋಡುತ್ತಿರಲಿಲ್ಲ, ಅವನ ಕಾಲುಗಳನ್ನು ನೋಡುತ್ತಿದ್ದೆ. ಎರಡೂ ಇದ್ದವು. ಪಕ್ಕಕ್ಕೆ ತಿರುಗಿದರೆ, ಲಿಜಿಯೂ ಸೆರಗು ಬಾಯಿಗೆ ಒತ್ತಿಕೊಂಡು ಆ ಕಾಲುಗಳನ್ನೇ ನೋಡುತ್ತಿದ್ದಳು.