ಅಂಗಳದಲ್ಲಿ ಕರಗಿದ ಹುಲ್ಲು

ನಾನು ಒಂದು ಪ್ಲಾಸ್ಟಿಕ್ ಹುಲ್ಲಿನ ಹಾಸು. ಕಾರ್ಖಾನೆಯೊಂದರಲ್ಲಿ ಹಸಿರು ಪ್ಲಾಸ್ಟಿಕ್ ಕಾಳುಗಳನ್ನು ಕಾಯಿಸಿ, ಎಳೆಗಳಾಗಿ ಜಗ್ಗಿ, ಕರಿಯ ಬಟ್ಟೆಗೆ ಸೂಜಿಗಳಿಂದ ಹೊಲಿದು ನನ್ನನ್ನು ಮಾಡಿದರು. ಬೆನ್ನಿಗೆ ಅಂಟು ಬಳಿದು, ನೀರು ಇಳಿಯಲೆಂದು ತೂತು ಹೊಡೆದು, ಸುರುಳಿ ಸುತ್ತಿ ಲಾರಿಗೆ ಏರಿಸಿದರು. ಹುಟ್ಟುವಾಗಲೇ ಬೆಂಕಿ ಕಂಡಿದ್ದರಿಂದ ಶಾಖದ ಭಯ ನನಗೆ ಮೊದಲಿನಿಂದಲೂ ಇತ್ತು.

ನಾನು ಬಂದು ಸೇರಿದ್ದು ಬಾಗಲಕೋಟೆಯ ನವನಗರಕ್ಕೆ, ಪ್ರಭಾವತಿ ಟೀಚರ್ ಮನೆಗೆ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು ಅವರು. ಎರಡು ಸಲ ನಿಜವಾದ ಹುಲ್ಲು ಬೆಳೆಸಿ, ಎರಡು ಬೇಸಿಗೆಯಲ್ಲೂ ಅದು ಒಣಗಿದ ಮೇಲೆ ನನ್ನನ್ನು ತರಿಸಿದರು. ಹಾಸಲು ಬಂದವನು ದಾವಲಸಾಬ. ನೆಲ ಸಮ ಮಾಡಿ, ಮರಳು ಚೆಲ್ಲಿ, ನನ್ನ ಎಳೆಗಳು ಎಲ್ಲ ಒಂದೇ ಕಡೆ ಬಾಗುವಂತೆ ಬಿಡಿಸಿದ. ಉಳಿದ ಒಂದು ತುಂಡನ್ನು ಮಾಳಿಗೆಯ ಮೇಲೆ ಇಡಲು ಹೇಳಿದ. ಟೀಚರ್ ಅಂದು ಸಂಜೆಯೇ ಚಪ್ಪಲಿ ಬಿಟ್ಟು ನನ್ನ ಮೇಲೆ ನಡೆದರು. ಅವರ ಬಲ ಹಿಮ್ಮಡಿ ಎಡದ್ದಕ್ಕಿಂತ ಭಾರವಾಗಿ ಊರುತ್ತಿತ್ತು. ಮಂಡಿನೋವು.

ಪಡುವಣದ ಗೋಡೆಯ ಆಚೆ ಸಾವಂತ್ರವ್ವ ಮತ್ತು ಆಕೆಯ ಗಂಡ ಫಕೀರಪ್ಪ ಇದ್ದರು. ಆಕೆ ಗೋಡೆಗೆ ಹತ್ತಿಯೇ ಒಲೆ ಹೂಡಿ, ದಿನಾ ಬೆಳಿಗ್ಗೆ ಸ್ನಾನಕ್ಕೆ ಹಂಡೆ ಕಾಯಿಸುತ್ತಿದ್ದಳು. ಗೋಡೆಯ ಮೇಲಿಂದ ಆ ಕಡೆಯ ರೊಟ್ಟಿ ಈ ಕಡೆಗೆ, ಈ ಕಡೆಯ ಗುರೆಳ್ಳು ಚಟ್ನಿ ಆ ಕಡೆಗೆ ದಾಟುತ್ತಿದ್ದವು. ಇಬ್ಬರ ನಗು ನನಗೆ ಕೆಳಗಿನಿಂದ ಕೇಳಿಸುತ್ತಿತ್ತು.

ಎರಡನೆಯ ವರ್ಷದ ದೀಪಾವಳಿಗೆ ಟೀಚರ್ ಮೇಲಿನ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿಸಿದರು. ಹೊರಗಿನಿಂದ ಕನ್ನಡಿಯಂತೆ ಹೊಳೆಯುವ ಕಾಜು. ಅದಾಗಿ ಸ್ವಲ್ಪ ದಿನಕ್ಕೆ, ಗೋಡೆಯ ಬದಿಯಲ್ಲಿ ನನ್ನ ಎಳೆಗಳು ಮುದುಡಿ, ಒಂದಕ್ಕೊಂದು ಅಂಟಿಕೊಂಡು, ಮೊರದಗಲ ಕರಗಿಹೋದವು. ಯಾತರಿಂದ ಎಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಆ ಉರಿ ಮೇಲಿನಿಂದ ಬಂದು ಅಲ್ಲೇ ಕೂರುತ್ತಿತ್ತು. ಅದು ಟೀಚರ್ ಮಲಗುವ ಹೊತ್ತು. ಹೇಳಲು ನನಗೆ ಬಾಯಿಲ್ಲ.

ಟೀಚರ್ ನೋಡಿದ್ದು ಮರುದಿನ ಬೆಳಿಗ್ಗೆ. ಆಗ ಗೋಡೆಯಾಚೆ ಒಲೆ ಉರಿಯುತ್ತಿತ್ತು. ಅವರು ಸಾವಂತ್ರವ್ವನನ್ನು ಕರೆದು ತೋರಿಸಿದರು.

"ನಮ್ಮ ಒಲಿ ಕಿಡಿ ಗ್ವಾಡಿ ದಾಟಂಗಿಲ್ರಿ, ಟೀಚರ್ರ," ಎಂದಳು ಆಕೆ.

"ಮತ್ತ ಆಕಾಶದಿಂದ ಬಿತ್ತೇನು ಬೆಂಕಿ? ಸುಳ್ಳ ಹೇಳೂದು ಯಾವಾಗ ಕಲತಿ?"

ಸಾವಂತ್ರವ್ವ ಗೋಡೆಯಿಂದ ಸರಿದಳು. ಉರಿಯುತ್ತಿದ್ದ ಕಟ್ಟಿಗೆಯನ್ನು ಹೊರಗೆಳೆದು ನೀರು ಹಾಕಿದ ಸದ್ದು ಕೇಳಿಸಿತು.

ದಾವಲಸಾಬ ಬಂದು ಸುಟ್ಟ ಭಾಗವನ್ನು ಚೌಕವಾಗಿ ಕೊಯ್ದು ತೆಗೆದ. ಮಾಳಿಗೆಯ ತುಂಡಿನಿಂದ ಅಷ್ಟೇ ಅಳತೆಯದನ್ನು ಕತ್ತರಿಸಿ, ಎಳೆಯ ದಿಕ್ಕು ನೋಡಿ ಕೂರಿಸಿದ. ಕೆಳಗೆ ಪಟ್ಟಿ ಇಟ್ಟು ಅಂಟು ಹಚ್ಚಿ, ಮೇಲೆ ಇಟ್ಟಿಗೆ ಹೇರಿದ. ಎರಡು ದಿನಕ್ಕೆ ಅಂಟು ಹಿಡಿದು, ಕೂಡಿಸಿದ ಗೆರೆ ಕಾಣದಂತಾಯಿತು.

ಗೋಡೆಯಾಚೆ ಮಾತ್ರ ಒಲೆ ಹೊತ್ತಲಿಲ್ಲ. ಗ್ಯಾಸಿನ ಮೇಲೆ ಒಂದು ಪಾತ್ರೆ ನೀರು ಕಾಯಿಸಿ ಗಂಡನಿಗೆ ಕೊಟ್ಟು, ಸಾವಂತ್ರವ್ವ ತಣ್ಣೀರಲ್ಲೇ ಮೀಯುತ್ತಿದ್ದಳು. ಮೊದಲ ತಂಬಿಗೆ ಸುರಿದುಕೊಂಡಾಗ ಆಕೆ ಹಲ್ಲು ಕಚ್ಚಿ ಉಸಿರೆಳೆಯುವುದು ದಿನಾ ಕೇಳುತ್ತಿತ್ತು. ಮಾರ್ಗಶಿರದ ಚಳಿ. ಆಮೇಲೆ ಕೆಮ್ಮು ಶುರುವಾಯಿತು. ಟೀಚರ್ ಈಗ ಗೋಡೆಯ ಕಡೆ ಹೋಗದೆ ಅರ್ಧ ಅಂಗಳದಲ್ಲೇ ತಿರುಗಿಬಿಡುತ್ತಿದ್ದರು.

ಹದಿನೈದು ದಿನಕ್ಕೆ ಹೊಸ ತುಂಡೂ ಕರಗಿತು. ಬೇಕೆಂದೇ ಸುಡುತ್ತಿದ್ದಾಳೆ ಎಂದು ಟೀಚರ್ ದಾವಲಸಾಬನ ಮುಂದೆ ಹೇಳಿಕೊಂಡರು. ಅವನು ಗೋಡೆಯಾಚೆ ಬಗ್ಗಿ ನೋಡಿದ. ಒಲೆಯೊಳಗೆ ಬೆಕ್ಕು ಮಲಗಿತ್ತು. ಮಂಡಿಯೂರಿ ಕೂತು ನನ್ನ ಎಳೆಗಳನ್ನು ಬೆರಳಲ್ಲಿ ಹಿಡಿದ.

"ಕಿಡಿ ಬಿದ್ರ ತೂತ ಬೀಳತೈತ್ರಿ, ಕರ್ರಗ ಆಗತೈತಿ. ಇದು ಬರೇ ಕರಗೇತಿ," ಎಂದು, ಬಿಸಿಲು ಎಲ್ಲಿ ಬೀಳುತ್ತದೆಂದು ನೋಡುತ್ತ ಮೂರರ ತನಕ ಅಲ್ಲೇ ಕೂತ.

ಮೂರಕ್ಕೆ ಬಿಳಿಯ ಬೆಳಕಿನ ಒಂದು ಪಟ್ಟಿ ಜಾರುತ್ತ ಬಂದು ಸುಟ್ಟ ಜಾಗದ ಮೇಲೆ ನಿಂತಿತು. ದಾವಲಸಾಬ ಅಂಗೈ ಇಟ್ಟು ಹಿಂದಕ್ಕೆ ತೆಗೆದುಕೊಂಡ. ಟೀಚರ್‌ಗೂ ಇಡಲು ಹೇಳಿದ. ಅವರು ಕಷ್ಟಪಟ್ಟು ಬಗ್ಗಿ ನನ್ನ ಮೇಲೆ ಕೈಯಿಟ್ಟರು. ಹತ್ತು ಎಣಿಸುವಷ್ಟು ಹೊತ್ತೂ ಇಡಲಾಗಲಿಲ್ಲ. ಅವನು ಮೇಲಿನ ಕಿಟಕಿ ತೋರಿಸಿದ. ಸೂರ್ಯ ಅದರೊಳಗೆ ಉರಿಯುತ್ತಿದ್ದ.

ಟೀಚರ್ ಮಂಡಿ ಹಿಡಿದು ಎದ್ದರು. ಗೋಡೆಯ ಬಳಿ ಹೋಗಿ ಕರೆಯಲಿಲ್ಲ. ಗೇಟು ದಾಟಿ ಬೀದಿಯ ಮೇಲಿಂದ ಸಾವಂತ್ರವ್ವನ ಮನೆಗೆ ಹೋದರು.

"ಸಾವಂತ್ರವ್ವ, ಸುಟ್ಟದ್ದು ನನ್ನ ಕಾಜು. ನಿನಗ ಸುಳ್ಳಿ ಅಂದೆ. ತಪ್ಪಾತು."

ಗೋಡೆಯಾಚೆ ಆಕೆ ಕೆಮ್ಮಿದ್ದು ಕೇಳಿತು. ಆಮೇಲೆ ಆಕೆ ಕೇಳಿದ್ದು ಒಂದೇ ಮಾತು: "ಹಂಗಾರ ಒಲಿ ಹಚ್ಚಲೇನ್ರಿ?"

ಕಿಟಕಿಯ ಹೊರಗೆ, ಕಾಜಿಗೆ ಬಿಸಿಲು ತಾಗದಂತೆ ಜಾಳಿಗೆ ಬಂತು, ಉರಿ ನಿಂತಿತು. ಮಾಳಿಗೆಯ ಮೇಲೆ ಸಾಕಷ್ಟು ದೊಡ್ಡ ತುಂಡು ಉಳಿದಿರಲಿಲ್ಲ. ಹಾಗಾಗಿ ದಾವಲಸಾಬ ನೀರಿನ ಟಾಕಿಯ ಹಿಂದೆ, ಯಾರೂ ನೋಡದ ಮೂಲೆಯಿಂದ ನನ್ನದೇ ತುಂಡು ಕೊಯ್ದು ಸುಟ್ಟ ಜಾಗಕ್ಕೆ ಹಾಕಿದ. ರೊಟ್ಟಿಯೂ ಚಟ್ನಿಯೂ ಮತ್ತೆ ದಾಟಿದವು. ಆದರೆ ಅಂದಿನಿಂದ ಸಾವಂತ್ರವ್ವ ಬೆಳಿಗ್ಗೆ ಕಡ್ಡಿ ಗೀರುವ ಮೊದಲು, "ಟೀಚರ್ರ, ಒಲಿ ಹಚ್ಚಾಕತ್ತೀನ್ರಿ," ಎಂದು ಕೂಗುತ್ತಿದ್ದಳು. ಸಿಟ್ಟಿನ ದನಿಯಲ್ಲ. ಹಾಗೆ ಕೂಗಬೇಡವೆಂದು ಟೀಚರ್ ಒಮ್ಮೆ ಬೇಡಿಕೊಂಡರು. ರೂಢಿಯಾಗಿದೆ ಎಂದಳು. ಕೂಗು ಬಂದಾಗಲೆಲ್ಲ ಟೀಚರ್ ಹೆಜ್ಜೆ ನನ್ನ ಮೇಲೆ ನಿಂತುಬಿಡುತ್ತಿತ್ತು.

ಹೀಗೆ ಮೂರು ವರ್ಷ. ಒಂದು ಬೆಳಿಗ್ಗೆ ಟೀಚರ್ ನಡೆಯುತ್ತಿದ್ದಾಗ, ಕೂಗು ಬರದೆಯೇ ಗೋಡೆಯ ಮೇಲಿಂದ ಹೊಗೆ ಬಂತು. ಸಾವಂತ್ರವ್ವ ಫಕೀರಪ್ಪನ ಜೊತೆ ಏನೋ ಮಾತಾಡುತ್ತ ಹೇಳುವುದನ್ನು ಮರೆತಿದ್ದಳು. ಟೀಚರ್ ಕಾಯ್ದರು. ಹೊಗೆ ಕಣ್ಣಿಗೆ ಹೋದರೂ ಅಲ್ಲಿಂದ ಸರಿಯಲಿಲ್ಲ. ನಂತರ ಅರ್ಧದಲ್ಲೇ ತಿರುಗದೆ, ಮೆಲ್ಲಗೆ ಗೋಡೆಯವರೆಗೂ ನಡೆದು ಹೋಗಿ ತಿರುಗಿದರು.

ಈಗ ನನಗೆ ವಯಸ್ಸಾಗಿದೆ. ಎಳೆ ಉದುರಿದ ಮೇಲೆ ನನ್ನನ್ನು ಕಿತ್ತು, ದಾವಲಸಾಬನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ್ದಾರೆ. ಬಣ್ಣ ಮಾಸಿದ ಅಂಗಳಗಳಿಗೆ ಹೊಸ ತುಂಡು ಹೊಂದುವುದಿಲ್ಲ. ನನ್ನಂಥ ಹಳೆಯದೇ ಬೇಕು. ಗಟ್ಟಿ ಉಳಿದ ಕಡೆ ನೋಡಿ ಅವನು ನನ್ನನ್ನು ಕೊಯ್ದು ಒಯ್ಯುತ್ತಾನೆ. ಅಂಟು ಎರಡು ದಿನಕ್ಕೆ ಹಿಡಿಯುತ್ತದೆ ಎಂದು ಆ ಮನೆಯವರಿಗೆ ಫೋನಿನಲ್ಲಿ ಹೇಳುವುದು ಕೇಳಿಸುತ್ತದೆ. ಹುಲ್ಲಿನ ಮಟ್ಟಿಗೆ ಅದು ನಿಜ.